ಊಟ ಬಲ್ಲವನಿಗೆ ರೋಗವಿಲ್ಲವೆ?

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಗಾದೆಯ ವಿಸ್ತರಣೆಗೆಂದು ಹುಡುಗರಿಗೆ ಕೊಡುವ ಪ್ರಶ್ನೆಗಳಲ್ಲಿ ಇದಕ್ಕೊಂದು ಕಾಯಂ ಸ್ಥಾನವುಂಟು. ಉತ್ತರಪತ್ರಿಕೆ ತಿದ್ದುವುದೇ ಕಸುಬಾದ ನಾನು ಈ ವಿಸ್ತರಣೆಯನ್ನು ನೂರಾರು ಸಲ ಓದಿದ್ದೇನೆ. ಎಲ್ಲರೂ ಬರೆಯುವುದು ಒಂದೇ: ಹಿತವಾಗಿ, ಮಿತವಾಗಿ ಉಣ್ಣಬೇಕು, ಹಾಗೆ ಉಂಡವನ ಹತ್ತಿರ ಕಾಯಿಲೆ ಸುಳಿಯುವುದಿಲ್ಲ. ಒಳ್ಳೆಯ ಮಾತೇ. ಆದರೆ ಗಾದೆಯನ್ನು ಒಮ್ಮೆ ತಿರುಗಿಸಿ ನೋಡಿ. ಊಟ ಬಲ್ಲವನಿಗೆ ರೋಗವಿಲ್ಲವಾದರೆ, ರೋಗವಿರುವವನು ಊಟ ಬಲ್ಲವನಲ್ಲ ಎಂದಾಯಿತಲ್ಲವೆ? ಅಲ್ಲಿಯವರೆಗೆ ಹಿತವಚನವಾಗಿದ್ದ ಮಾತು ಇಲ್ಲಿ ತೀರ್ಪಾಗಿಬಿಡುತ್ತದೆ. ಉಣ್ಣುವ ಮುನ್ನ ನಮಗೆ ನಾವೇ ಹೇಳಿಕೊಳ್ಳಬೇಕಾದುದನ್ನು, ಕಾಯಿಲೆ ಬಿದ್ದ ಮೇಲೆ ಇನ್ನೊಬ್ಬರಿಗೆ ಹೇಳತೊಡಗುತ್ತೇವೆ.

ಒಬ್ಬನ ಮೈಯನ್ನು ನೋಡಿ ಅವನ ಶೀಲವನ್ನು ಓದಬಹುದೆ? ಇದು ಬರಿಯ ವೈದ್ಯರ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಜ್ವರ ಬಂದವನನ್ನು ಕಂಡು ನಾವು ಅಯ್ಯೋ ಎನ್ನುತ್ತೇವೆ. ಮೈ ಬೆಳೆದವನನ್ನು ಕಂಡು ನಗುತ್ತೇವೆ. ಸಕ್ಕರೆ ಕಾಯಿಲೆಯವನನ್ನು ಕಂಡು, 'ಏನು ಸ್ವಾಮಿ, ಬಾಯಿ ಕಟ್ಟಲಿಲ್ಲವೆ?' ಎನ್ನುತ್ತೇವೆ. ಕ್ರೈಸ್ತ ದೇಶಗಳಲ್ಲಿ ಅತಿಭೋಜನವನ್ನು ಏಳು ಮಹಾಪಾಪಗಳಲ್ಲಿ ಒಂದಾಗಿ ಎಣಿಸಿದರು. ನಮ್ಮ ಚರಕಸಂಹಿತೆಯಲ್ಲಿ ಎಂಟು ಬಗೆಯ ಶರೀರಗಳನ್ನು 'ನಿಂದಿತ'ವೆಂದು ಕರೆದ ಅಧ್ಯಾಯವೊಂದಿದೆ. ಅತಿಸ್ಥೂಲ ಶರೀರ ಅದರಲ್ಲಿ ಸೇರಿದೆ, ಅತಿಕೃಶವೂ ಸೇರಿದೆ. ಕನ್ನಡದ ಬೈಗುಳಗಳಲ್ಲಿ ಹೊಟ್ಟೆಬಾಕ, ದಢೂತಿ, ಡೊಳ್ಳು ಹೊಟ್ಟೆಯವ ಎಂಬುವಕ್ಕೆ ಬರವಿಲ್ಲ. ವಿಚಿತ್ರವೆಂದರೆ ಇದೇ ನುಡಿಯಲ್ಲಿ 'ಮೈಕೈ ತುಂಬಿಕೊಂಡಿದ್ದಾಳೆ' ಎಂಬುದು ಹೊಗಳಿಕೆ. ಅನ್ನಕ್ಕೆ ತತ್ವಾರವಿದ್ದ ಕಾಲದಲ್ಲಿ ತುಂಬಿದ ಮೈ ಸಿರಿಯ ಗುರುತು. ಅನ್ನ ಧಾರಾಳವಾದ ಮೇಲೆ ಅದೇ ಮೈ ದೌರ್ಬಲ್ಯದ ಗುರುತು. ಎರಡು ಕಾಲದಲ್ಲಿಯೂ ನಾವು ಮಾಡಿದುದು ಒಂದೇ ಕೆಲಸ: ಮೈಯ ಮೇಲೆ ಬೆಲೆಯ ಚೀಟಿ ಅಂಟಿಸಿದೆವು.

ಈ ಪ್ರಶ್ನೆಗೆ ತನ್ನ ಇಡೀ ವೃತ್ತಿಜೀವನವನ್ನು ತೆತ್ತ ಒಬ್ಬ ವೈದ್ಯನ ವಿಷಯವನ್ನು ಕೆಲವು ಕಾಲದಿಂದ ಓದುತ್ತಿದ್ದೇನೆ. ಆತನ ಹೆಸರು ಆಲ್ಬರ್ಟ್ ಸ್ಟಂಕರ್ಡ್. 1922ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡ ಅಮೆರಿಕದ ಮನೋವೈದ್ಯ. ಬಹುಕಾಲ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದವನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ವೈದ್ಯನಾಗಿ ಟೋಕಿಯೋಗೆ ಹೋದ. ಯುದ್ಧಾಪರಾಧಿಗಳನ್ನು ಇಟ್ಟಿದ್ದ ಸುಗಾಮೊ ಸೆರೆಮನೆಯಲ್ಲಿ ಕೆಲಸ. ಅಲ್ಲಿದ್ದಾಗಲೇ ಝೆನ್ ಪಂಥದ ಹೆಸರಾಂತ ವಿದ್ವಾಂಸ ಡಿ. ಟಿ. ಸುಜುಕಿಯವರ ಪರಿಚಯವಾಗಿ, ಕಾಮಾಕುರದ ಅವರ ಮನೆಗೆ ಹೋಗಿಬರುತ್ತಿದ್ದ. ಜಗತ್ತೆಲ್ಲ ಅಪರಾಧಿಗಳೆಂದು ಕರೆದವರ ನಾಡಿಯನ್ನು ಹಗಲೆಲ್ಲ ಹಿಡಿದು ನೋಡಿ, ಬಿಡುವಿನಲ್ಲಿ ಮೌನದ ಪಾಠ ಕೇಳಿದವನು ಮುಂದೆ ರೋಗಿಗಳ ಮುಂದೆ ಕುಳಿತಾಗ ತೀರ್ಪು ಕೊಡಲು ಅವಸರಪಡಲಿಲ್ಲ ಎಂದು ನನಗೆ ತೋರುತ್ತದೆ. ಇದು ನನ್ನ ಊಹೆ. ಆದರೆ ಆತನ ಮುಂದಿನ ಕೆಲಸ ಈ ಊಹೆಗೆ ಒಪ್ಪುವಂತೆಯೇ ಇದೆ.

ಆ ದಿನಗಳಲ್ಲಿ ಬೊಜ್ಜಿಗೆ ಕಾರಣವೇನೆಂದು ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿತ್ತು: ಹೆಚ್ಚು ತಿನ್ನುತ್ತಾರೆ. ಸ್ಟಂಕರ್ಡ್ ಕೇಳಿದುದು ಬೇರೆ: ಹೇಗೆ ತಿನ್ನುತ್ತಾರೆ, ಯಾವಾಗ ತಿನ್ನುತ್ತಾರೆ? ಕೇಳಿದ ಮೇಲೆ ರೋಗಿಗಳು ಹೇಳಿದರು. ಕೆಲವರಿಗೆ ಬೆಳಗ್ಗೆ ಹಸಿವೇ ಇಲ್ಲ. ಸಂಜೆಯಾದ ಮೇಲೆ ತಿನ್ನಲು ಆರಂಭಿಸಿ, ನಿದ್ದೆ ಬಾರದೆ, ರಾತ್ರಿ ಎದ್ದೆದ್ದು ತಿನ್ನುತ್ತಾರೆ. ಇದನ್ನು ಆತ 1955ರಲ್ಲಿ 'ರಾತ್ರಿಯೂಟದ ಲಕ್ಷಣಕೂಟ' ಎಂದು ವರ್ಣಿಸಿದ. ಇನ್ನು ಕೆಲವರು ಅಲ್ಪ ಹೊತ್ತಿನಲ್ಲಿ, ಮೇಲೆ ಏನೋ ಬಂದವರಂತೆ, ರುಚಿಯನ್ನೂ ಗಮನಿಸದೆ ಅಪಾರವಾಗಿ ತಿಂದು, ಆಮೇಲೆ ಕುಗ್ಗಿಹೋಗುತ್ತಾರೆ. ಇದನ್ನು 1959ರಲ್ಲಿ ವಿವರಿಸಿದ. ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಈ ಎರಡನೆಯದು ಸ್ವತಂತ್ರ ಕಾಯಿಲೆಯೆಂದು ಸೇರಿದ್ದು 2013ರಲ್ಲಿ. ಐವತ್ತನಾಲ್ಕು ವರ್ಷ ಹಿಡಿಯಿತು. ಅಷ್ಟು ವರ್ಷವೂ ಅದಕ್ಕೆ ಜನ ಕೊಟ್ಟ ಹೆಸರು ಹೊಟ್ಟೆಬಾಕತನ.

1959ರಲ್ಲಿಯೇ ಆತ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಇನ್ನೊಂದು ಲೇಖನ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಬೊಜ್ಜಿಗೆ ಚಿಕಿತ್ಸೆ ಪಡೆಯಲು ಬಂದ 100 ಮಂದಿಯ ಲೆಕ್ಕ ಅದು. ಅವರಿಗೆ ಪಥ್ಯದ ಪಟ್ಟಿ ಕೊಟ್ಟು ಕಳುಹಿಸುತ್ತಿದ್ದರು. ನೂರು ಮಂದಿಯಲ್ಲಿ 20 ಪೌಂಡು ತೂಕ ಇಳಿಸಿದವರು 12 ಮಂದಿ. ಎರಡು ವರ್ಷದ ಮೇಲೂ ಇಳಿಸಿದ್ದನ್ನು ಉಳಿಸಿಕೊಂಡವರು ಇಬ್ಬರು! ಬೇರೆ ಯಾರಾದರೂ ಆಗಿದ್ದರೆ, 'ನೂರರಲ್ಲಿ ತೊಂಬತ್ತೆಂಟು ಮಂದಿಗೆ ಮನೋಬಲವಿಲ್ಲ' ಎಂದು ಬರೆದು ಮುಗಿಸುತ್ತಿದ್ದರು. ಒಂದು ತರಗತಿಯ ನೂರು ಹುಡುಗರಲ್ಲಿ ತೊಂಬತ್ತೆಂಟು ಮಂದಿ ಅನುತ್ತೀರ್ಣರಾದರೆ ನಾವು ಯಾರನ್ನು ವಿಚಾರಿಸಬೇಕು? ಹುಡುಗರನ್ನೆ, ಮೇಷ್ಟರನ್ನೆ, ಪ್ರಶ್ನೆಪತ್ರಿಕೆಯನ್ನೆ? ಸ್ಟಂಕರ್ಡ್ ಪರೀಕ್ಷೆಗೆ ಒಡ್ಡಿದ್ದು ಚಿಕಿತ್ಸೆಯನ್ನು, ಅಂದರೆ ತನ್ನದೇ ವೃತ್ತಿಯನ್ನು. ವಿಜ್ಞಾನದಲ್ಲಿ ಇದು ಸಾಮಾನ್ಯ ಕ್ರಮವೆನ್ನಬಹುದು. ನೀತಿಯ ದೃಷ್ಟಿಯಿಂದ ಮಾತ್ರ ಇದೊಂದು ಅಪರೂಪದ ನಡೆ. ದುರ್ಬಲನ ಕಡೆಗೆ ಚಾಚಿದ್ದ ಬೆರಳನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯವಲ್ಲ.

ಮುಂದಿನ ಹೆಜ್ಜೆಗಳನ್ನು ಬೇಗ ಹೇಳಿಬಿಡುತ್ತೇನೆ. 1965ರಲ್ಲಿ ಆತನೂ ಸಂಗಡಿಗರೂ ನ್ಯೂಯಾರ್ಕಿನ ಮ್ಯಾನ್‌ಹಟನ್ ಭಾಗದ ಜನರ ಅಂಕಿಅಂಶಗಳನ್ನು ನೋಡಿ, ಬೊಜ್ಜು ಮೇಲಿನ ವರ್ಗದ ಹೆಂಗಸರಿಗಿಂತ ಕೆಳವರ್ಗದ ಹೆಂಗಸರಲ್ಲಿ ಆರು ಪಾಲು ಹೆಚ್ಚಾಗಿದೆಯೆಂದು ತೋರಿಸಿದರು. ಮನೋಬಲವೆಂಬುದು ಸಂಬಳದ ಜೊತೆಗೆ ಏರುವ ವಸ್ತುವೆ? 1986ರಲ್ಲಿ ಡೆನ್ಮಾರ್ಕಿನ ದತ್ತು ದಾಖಲೆಗಳಿಂದ 540 ಮಂದಿಯನ್ನು ಆರಿಸಿ ಪರಿಶೀಲಿಸಿದರು. ಇವರೆಲ್ಲ ಒಂದು ಮನೆಯಲ್ಲಿ ಹುಟ್ಟಿ ಇನ್ನೊಂದು ಮನೆಯ ಅನ್ನ ಉಂಡು ಬೆಳೆದವರು. ದೊಡ್ಡವರಾದ ಮೇಲೆ ಅವರ ಮೈಕಟ್ಟು ಯಾರನ್ನು ಹೋಲುತ್ತಿತ್ತು? ಹೆತ್ತವರನ್ನು. ಅನ್ನವಿಟ್ಟು ಸಾಕಿದವರ ಮೈಕಟ್ಟಿಗೂ ಇವರದಕ್ಕೂ ಸಂಬಂಧವೇ ಕಾಣಲಿಲ್ಲ. 1990ರಲ್ಲಿ ಬೇರೆ ಬೇರೆ ಮನೆಗಳಲ್ಲಿ ಬೆಳೆದ 93 ಜೋಡಿ ತದ್ರೂಪಿ ಅವಳಿಗಳನ್ನು ಪರಿಶೀಲಿಸಿದಾಗಲೂ ಉತ್ತರ ಇದೇ ದಿಕ್ಕಿಗೆ ತೋರಿಸಿತು. ಮೈಯಲ್ಲಿ ಬಹುಪಾಲು ಬೀಜದ್ದು.

'ಬೀಜ ಏನೇ ಇರಲಿ, ಮನಸ್ಸು ಗಟ್ಟಿಯಿದ್ದರೆ ಹಸಿವನ್ನು ಗೆಲ್ಲಬಹುದು' ಎನ್ನುವವರಿಗೆ ಇನ್ನೆರಡು ಸಂಗತಿಗಳನ್ನು ತಿಳಿಸಬೇಕು. ಒಂದು, 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ನಡೆಸಿದ ಪ್ರಯೋಗ. ಯುದ್ಧದಿಂದ ಹಸಿದ ಯೂರೋಪಿಗೆ ಮತ್ತೆ ಉಣಿಸುವುದು ಹೇಗೆಂದು ತಿಳಿಯುವುದಕ್ಕಾಗಿ 36 ಮಂದಿ ಯುವಕರು ತಾವಾಗಿಯೇ ಅರೆಹೊಟ್ಟೆಯಲ್ಲಿರಲು ಮುಂದೆ ಬಂದರು. ಇವರು ಸಾಮಾನ್ಯರಲ್ಲ, ಕೊಲ್ಲುವುದು ಪಾಪವೆಂದು ಯುದ್ಧಕ್ಕೆ ಹೋಗಲು ನಿರಾಕರಿಸಿ, ಸಮಾಜದ ತಿರಸ್ಕಾರವನ್ನು ಸಹಿಸಿದ ಆತ್ಮಸಾಕ್ಷಿಯ ಜನ. ಮನೋಬಲಕ್ಕೆ ಇದಕ್ಕಿಂತ ಪ್ರಮಾಣ ಬೇಕೆ? 24 ವಾರಗಳಲ್ಲಿ ಅವರ ತೂಕದಲ್ಲಿ ಸುಮಾರು ಕಾಲುಭಾಗ ಇಳಿಯಿತು. ಅಷ್ಟರಲ್ಲಿ ಮನಸ್ಸೂ ಬದಲಾಗಿತ್ತು. ಹಗಲುರಾತ್ರಿ ಊಟದ್ದೇ ಮಾತು. ಅಡುಗೆಯ ಪುಸ್ತಕಗಳನ್ನು ಕೊಂಡು ಓದುವವರು ಕೆಲವರು, ತಟ್ಟೆ ನೆಕ್ಕುವವರು ಕೆಲವರು. ಪ್ರಯೋಗ ಮುಗಿದು ಬೇಕಾದಷ್ಟು ಅನ್ನ ಸಿಕ್ಕಿದ ಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಿಲ್ಲ. ಬೇಕೆಂದೇ ಉಪವಾಸವಿದ್ದು ಸೊರಗುವ ಎಳೆಯ ಹುಡುಗಿಯರ ಕಾಯಿಲೆಯನ್ನು ಅರಿಯಲು ವೈದ್ಯರು ಇಂದಿಗೂ ಈ ಪ್ರಯೋಗದ ಕಡೆಗೆ ತಿರುಗುತ್ತಾರೆ. ಮನಸ್ಸು ಮೈಯನ್ನು ಆಳುತ್ತದೆಯೆಂಬುದು ಅರ್ಧ ಸತ್ಯ. ಹಸಿದ ಮೈ ಮನಸ್ಸನ್ನು ಆಳುತ್ತದೆಯೆಂಬುದು ಉಳಿದರ್ಧ.

ಎರಡನೆಯದು ಇಂಗ್ಲೆಂಡಿನ ಒಂಬತ್ತು ವರ್ಷದ ಹುಡುಗಿಯೊಬ್ಬಳ ವಿಷಯ. ಹಸಿವು ಸಾಕೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಬೆಳಕಿಗೆ ಬಂತು. ಅದು ಹುಟ್ಟಿನಿಂದಲೇ ಇಲ್ಲದ ಈ ಮಗುವಿಗೆ ಹಸಿವೆಂಬುದು ಹಿಂಗುತ್ತಲೇ ಇರಲಿಲ್ಲ. ತೂಕ 94 ಕಿಲೋ ಮುಟ್ಟಿತ್ತು. ಕೇಂಬ್ರಿಜ್‌ನ ವೈದ್ಯರು ಆ ಹಾರ್ಮೋನನ್ನು ಚುಚ್ಚಿ ಕೊಡತೊಡಗಿದರು. ಹಸಿವು ಎಲ್ಲ ಮಕ್ಕಳ ಹಸಿವಿನಂತಾಯಿತು. ವರ್ಷದಲ್ಲಿ 16 ಕಿಲೋ ಇಳಿಯಿತು. 1999ರಲ್ಲಿ ಈ ವರದಿ ಪ್ರಕಟವಾಯಿತು. ಇಂಥ ದೋಷ ಬಹಳ ವಿರಳ. ಎಲ್ಲ ಬೊಜ್ಜಿಗೂ ಇದೇ ಕಾರಣವೆನ್ನುವಂತಿಲ್ಲ. ಆದರೆ ನೀತಿವಿಚಾರಕ್ಕೆ ಒಂದು ನಿದರ್ಶನ ಸಾಕು. ಆ ಚುಚ್ಚುಮದ್ದಿನ ಹಿಂದಿನ ದಿನ ಆ ಮಗು ಹೊಟ್ಟೆಬಾಕಿ. ಕೆಲವು ವಾರಗಳ ಮೇಲೆ ಮಿತಾಹಾರಿ. ಅವಳ ಶೀಲದಲ್ಲಿ ಏನು ಬದಲಾಗಿತ್ತು?

ಇಲ್ಲಿ ಓದುಗರು ಆಕ್ಷೇಪವೆತ್ತುವುದು ನ್ಯಾಯವೇ. 'ಹಾಗಾದರೆ ಎಲ್ಲವೂ ಹಣೆಬರಹವೆ? ಹಿಂದೆ ಪ್ರಾರಬ್ಧವೆನ್ನುತ್ತಿದ್ದೆವು, ಈಗ ವಂಶವಾಹಿ ಎನ್ನುತ್ತೇವೆ. ಹೆಸರು ಬದಲಾಯಿತೇ ಹೊರತು ಕೈಕಟ್ಟಿ ಕೂರುವುದು ತಪ್ಪಲಿಲ್ಲ' ಎಂದು. ಆದರೆ ಬೀಜದ ಮಾತಿಗೆ ಒಂದು ಮಿತಿಯುಂಟು. ಮನುಷ್ಯನ ವಂಶವಾಹಿಗಳು ಒಂದೆರಡು ತಲೆಮಾರುಗಳಲ್ಲಿ ಬದಲಾಗುವುದಿಲ್ಲ. ಬೊಜ್ಜು ಮಾತ್ರ ಅಷ್ಟರಲ್ಲಿ ಲೋಕವನ್ನೆಲ್ಲ ಹಬ್ಬಿದೆ. ಬೀಜ ಅದೇ, ಹೊಲ ಬದಲಾಗಿದೆ. ಮಹಾಭಾರತದ ಅನುಶಾಸನಪರ್ವದಲ್ಲಿ ದೈವವನ್ನು ಬೀಜಕ್ಕೂ ಪುರುಷಪ್ರಯತ್ನವನ್ನು ಹೊಲಕ್ಕೂ ಹೋಲಿಸಿದ ಮಾತೊಂದಿದೆ. ಎರಡೂ ಕೂಡಿದರೆ ಬೆಳೆ. ಈಗಿನವರ ಶೋಧನೆಗಳನ್ನೆಲ್ಲ ಓದಿ ಮುಗಿಸಿದ ಮೇಲೆ ಆ ಹೋಲಿಕೆ ಹಳತಾಯಿತೆಂದು ನನಗನ್ನಿಸಲಿಲ್ಲ. ಸ್ಟಂಕರ್ಡ್ ಕೂಡ ಬೀಜದ ಬಲವನ್ನು ತೋರಿಸಿಕೊಟ್ಟವನಾದರೂ ಕೈಕಟ್ಟಿ ಕುಳಿತವನಲ್ಲ. ನಿಧಾನವಾಗಿ ಅಗಿಯುವುದು, ತಿಂದುದನ್ನು ಬರೆದಿಡುವುದು, ತಿನ್ನಲು ಪ್ರೇರಿಸುವ ಹೊತ್ತು-ಜಾಗಗಳನ್ನು ಗುರುತಿಸಿ ದೂರವಿಡುವುದು ಮುಂತಾದ ಅಭ್ಯಾಸಗಳಿಂದ ರೋಗಿಗಳಿಗೆ ನೆರವಾಗುವ ಕ್ರಮವನ್ನು 1970ರ ದಶಕದಲ್ಲಿ ರೂಢಿಗೆ ತಂದವರಲ್ಲಿ ಆತನೂ ಒಬ್ಬ. ನಿಂದೆಯನ್ನು ಬಿಟ್ಟ, ಚಿಕಿತ್ಸೆಯನ್ನು ಬಿಡಲಿಲ್ಲ.

ಮಧುಮೇಹದ ವಿಷಯಕ್ಕೆ ಬಂದರೆ ಈ ಹೊಲದ ಮಾತು ಇನ್ನಷ್ಟು ಜಟಿಲವಾಗುತ್ತದೆ. ನಮ್ಮ ಮನೆಬಾಗಿಲಿಗೂ ಬರುತ್ತದೆ. ನನ್ನ ಸೋದರತ್ತೆಯೊಬ್ಬರಿದ್ದರು. ಗಾಳಿ ಬೀಸಿದರೆ ಬಿದ್ದಾರೇನೋ ಎಂಬಂಥ ಬಡಕಲು ಶರೀರ. ಇಪ್ಪತ್ತೆಂಟಕ್ಕೆ ಗಂಡನನ್ನು ಕಳೆದುಕೊಂಡ ಮೇಲೆ ರಾತ್ರಿ ಅನ್ನ ಉಂಡವರಲ್ಲ. ನಲವತ್ತೈದಕ್ಕೆ ಅವರಿಗೆ ಸಕ್ಕರೆ ಕಾಯಿಲೆ ಕಾಣಿಸಿತು. ತೋರಿಸಲು ಹೋದ ಕಡೆ ವೈದ್ಯರು ಮೊದಲು ಕೇಳಿದ್ದು, 'ಏನಮ್ಮ, ಸಿಹಿ ಬಹಳ ತಿಂತೀರಾ?' ಎಂದು. ನೆಂಟರಿಷ್ಟರೂ ಅದೇ ಮಾತನ್ನು ನಗುನಗುತ್ತ ಕೇಳಿದರು. 'ಕದ್ದು ತಿನ್ನುವ ವಿಧವೆ ಎಂದಂತಾಯಿತಲ್ಲೋ' ಎಂದು ಅತ್ತೆ ನನ್ನ ತಾಯಿಯ ಎದುರು ಹೇಳಿಕೊಂಡದ್ದು ನನಗೆ ನೆನಪಿದೆ. ಅಂದಿನಿಂದ ಕಾಯಿಲೆಯ ವಿಷಯವನ್ನು ಅವರು ಬಾಯಿಬಿಟ್ಟು ಆಡಲಿಲ್ಲ. ಮದುವೆ ಮುಂಜಿಗಳಲ್ಲಿ ಮಾತ್ರೆಯನ್ನು ಸೆರಗಿನಲ್ಲಿ ಅಡಗಿಸಿಕೊಂಡು ಹಿತ್ತಲಿಗೆ ಹೋಗಿ ನುಂಗುತ್ತಿದ್ದರು. ಕಾಲಿನಲ್ಲಿ ಹುಣ್ಣಾದಾಗ, ಮತ್ತೆ ಅದೇ ಪ್ರಶ್ನೆ ಕೇಳಿಯಾರೆಂದು ಎರಡು ತಿಂಗಳು ಬಟ್ಟೆ ಸುತ್ತಿ ಮುಚ್ಚಿಟ್ಟರು. ಕೊನೆಗೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಬೆರಳುಗಳನ್ನು ತಿಂದದ್ದು ಸಕ್ಕರೆಯೊಂದೇ ಅಲ್ಲ, ನಾಚಿಕೆಯೂ ಹೌದು.

ಅತ್ತೆಯಂಥವರಿಗೆ ಈ ಕಾಯಿಲೆ ಏಕೆ ಬರುತ್ತದೆ? ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಈ ಪ್ರಶ್ನೆಯ ಬೆನ್ನು ಹತ್ತಿದವರು. 2004ರಲ್ಲಿ ಅವರು ತಮ್ಮ ಇಂಗ್ಲಿಷ್ ಗೆಳೆಯ ಯುಡ್ಕಿನ್‌ರೊಡನೆ ನಿಂತ ಒಂದು ಭಾವಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯ ಕೊಬ್ಬನ್ನು ಅಳೆದಾಗ ಇಂಗ್ಲಿಷಿನವನದು ಶೇಕಡ 9.1, ನಮ್ಮವರದು ಶೇಕಡ 21.2! ತೆಳ್ಳಗೆ ಕಾಣುವ ಭಾರತೀಯನ ಮೈ ಒಳಗೆ ತೆಳ್ಳಗಿಲ್ಲ. ಇದು ನಡುವಯಸ್ಸಿನಲ್ಲಿ ಬಂದುದೂ ಅಲ್ಲ. ಪುಣೆಯ ಸುತ್ತಲ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಮಾಂಸಖಂಡ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ. ತಾಯಿಗೆ ಸಾಕಷ್ಟು ಪೋಷಣೆಯಿಲ್ಲದಾಗ ಗರ್ಭದಲ್ಲಿರುವ ಕೂಸು ಬರಗಾಲಕ್ಕೆ ಸಿದ್ಧವಾಗಿ ಬರುತ್ತದೆ. ಬಂದ ಮೇಲೆ ಸುಭಿಕ್ಷ ಎದುರಾದರೆ ಆ ಸಿದ್ಧತೆಯೇ ಕುತ್ತಾಗುತ್ತದೆ ಎಂಬುದು ಈ ವಿದ್ವಾಂಸರ ವಿವರಣೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು, ನಮ್ಮ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವುದನ್ನು, ಆ ಕಡೆಯ ಓದುಗರೆಲ್ಲ ಬಲ್ಲರು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ಪುಸ್ತಕಗಳು ಉಳಿದುಬಂದಿದ್ದವು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ, 1990ರ ದಶಕದಲ್ಲಿ, ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಉದ್ದ ಕಡಿಮೆಯಿದ್ದು ಅದಕ್ಕೆ ಹೋಲಿಸಿದರೆ ತುಸು ದಪ್ಪಗಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ, ಮಧುಮೇಹ ಹೆಚ್ಚಾಗಿ ಕಂಡಿತು. ಐವತ್ತು ವರ್ಷದ ಹಿಂದೆ ಯಾರೋ ದಾದಿ ತಕ್ಕಡಿಯಲ್ಲಿ ತೂಗಿ ಬರೆದಿಟ್ಟ ಅಂಕಿಗೂ ಇಂದಿನ ರಕ್ತದ ಸಕ್ಕರೆಗೂ ನಂಟು! ಎಂದರೆ ಹೊಲವೂ ಪೂರ್ತಿಯಾಗಿ ನಮ್ಮದಲ್ಲ. ಅದರಲ್ಲಿ ಒಂದು ಪಾಲು ನಾವು ಕಣ್ಣು ಬಿಡುವ ಮುಂಚೆಯೇ ಉತ್ತು ಮುಗಿದಿರುತ್ತದೆ. ಸುಶ್ರುತನ ಕಾಲದ ವೈದ್ಯರೂ ಪ್ರಮೇಹವನ್ನು ಎರಡಾಗಿ ಎಣಿಸಿದ್ದರು: ಹುಟ್ಟಿನೊಡನೆ ಬಂದುದು, ಅಪಥ್ಯದಿಂದ ಬಂದುದು. ಮೊದಲನೆಯದು ಕೃಶರಿಗೆ, ಎರಡನೆಯದು ಸ್ಥೂಲರಿಗೆ. ಅವರ 'ಹುಟ್ಟು' ಇಂದಿನ ಶಾಸ್ತ್ರದ ಹುಟ್ಟಲ್ಲ, ನಿಜ. ಆದರೂ ರೋಗಿಯನ್ನು ಕಂಡೊಡನೆ ಅಪಥ್ಯವೊಂದನ್ನೇ ಅವರು ಹುಡುಕಲಿಲ್ಲವೆಂಬುದು ಗಮನಿಸತಕ್ಕ ವಿಷಯ.

ನಿಂದೆಗೆ ಒಂದು ಕೆಟ್ಟ ಗುಣವುಂಟು. ಒಂದು ಮನೆಯಿಂದ ಓಡಿಸಿದರೆ ಪಕ್ಕದ ಮನೆಗೆ ಹೋಗಿ ಕೂರುತ್ತದೆ. ರೋಗಿಯದು ತಪ್ಪಿಲ್ಲವೆಂದ ಕೂಡಲೆ, 'ಹಾಗಾದರೆ ತಾಯಿಯದು' ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಬಸುರಿಯಲ್ಲಿ ಸರಿಯಾಗಿ ತಿನ್ನಲಿಲ್ಲ, ಅಥವಾ ಹೆಚ್ಚಾಗಿ ತಿಂದಳು ಎಂದು. ನಮ್ಮ ಮನೆಗಳಲ್ಲಿ ಗಂಡಸರು, ಮಕ್ಕಳು, ಬಂದವರು ಉಂಡೆದ್ದ ಮೇಲೆ ತಳದಲ್ಲಿ ಉಳಿದುದನ್ನು ಉಂಡವಳು ಯಾರು? ಅವಳು ಉಣ್ಣಲಿಲ್ಲವೆಂದು ಲೆಕ್ಕ ಕೇಳುವವರು, ಅವಳಿಗಿಂತ ಮೊದಲು ಎಲೆಯ ಮುಂದೆ ಕುಳಿತವರ ಲೆಕ್ಕವನ್ನೂ ಕೇಳಬೇಕಾಗುತ್ತದೆ. ಹಾಗೆ ಕೇಳುತ್ತ ಹೋದರೆ ಸಾಲು ಮುಗಿಯುವುದಿಲ್ಲ. ಬರಗಾಲಗಳು, ಬಡತನ, ಪದ್ಧತಿಗಳು ಎಲ್ಲ ಸಾಕ್ಷಿಕಟ್ಟೆಗೆ ಬರಬೇಕಾಗುತ್ತದೆ.

ಆದುದರಿಂದ ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳುವುದು ಒಳ್ಳೆಯದೆಂದು ನನ್ನ ಭಾವನೆ: ದೋಷ, ಹೊಣೆ. ದೋಷ ಹಿಂದೆ ತಿರುಗಿ ನೋಡುತ್ತದೆ. ಹೊಣೆ ಮುಂದಿನದನ್ನು ನೋಡುತ್ತದೆ. ಅಜ್ಜ ಕಟ್ಟಿಸಿದ ಮನೆ ಮಳೆಗಾಲದಲ್ಲಿ ಸೋರುತ್ತಿದೆ ಎನ್ನಿ. ಅದು ಮೊಮ್ಮಗನ ದೋಷವಲ್ಲ. ಆದರೆ ಸೋರುವ ಕಡೆ ಪಾತ್ರೆಯಿಡುವುದು, ಬಿಸಿಲು ಬಂದಾಗ ಹೆಂಚು ಕೈಯಾಡಿಸುವುದು ಅವನ ಹೊಣೆ. ಆ ಮನೆಯಲ್ಲಿ ಮಲಗುವವನು ಅವನೇ ತಾನೆ? ಮಧುಮೇಹವುಳ್ಳವರು ಊಟದಲ್ಲಿ ಎಚ್ಚರವಿರಬೇಕು, ನಡೆಯಬೇಕು, ಮದ್ದು ತಪ್ಪಿಸಬಾರದು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಹೊಣೆಯನ್ನು ನೆನಪಿಸುವವನು ರೋಗಿಗೆ ನೆರವಾಗುತ್ತಾನೆ. ದೋಷವನ್ನು ನೆನಪಿಸುವವನು ಅವನನ್ನು ಹಿತ್ತಲಿಗೆ ಅಟ್ಟುತ್ತಾನೆ. ಎರಡಕ್ಕೂ ಬಳಸುವ ಮಾತು ಹೆಚ್ಚುಕಡಿಮೆ ಒಂದೇ. ಆಡುವ ಬಗೆಯಲ್ಲಿ ಅಂತರ.

ಹೆಂಚು ಕೈಯಾಡಿಸುವ ಹೊಣೆ ಅವನೊಬ್ಬನದೆ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹವುಳ್ಳವರು 10 ಕೋಟಿಗೂ ಹೆಚ್ಚು. ಹತ್ತು ಕೋಟಿ ಮಂದಿ ಒಟ್ಟಿಗೆ ನಾಲಗೆಯ ಹಿಡಿತ ಕಳೆದುಕೊಂಡರೆಂದು ನಂಬುವುದು ಕಷ್ಟ. ನಡೆಯಲು ಕಾಲುದಾರಿಯಿಲ್ಲದ ಬೀದಿಗಳು, ಕುರ್ಚಿಗೆ ಕಟ್ಟಿಹಾಕುವ ಕೆಲಸ, ಶಾಲೆಯ ಮಗ್ಗುಲಲ್ಲೇ ಕರಿದ ತಿಂಡಿಯ ಪೊಟ್ಟಣಗಳ ತೋರಣ, ರಾಗಿ ಜೋಳಗಳನ್ನು ಬದಿಗೊತ್ತಿದ ಬಿಳಿ ಅನ್ನ, ಇವೆಲ್ಲ ಒಬ್ಬಿಬ್ಬರು ತಂದವಲ್ಲ, ಒಬ್ಬಿಬ್ಬರು ತೆಗೆಯಬಲ್ಲವೂ ಅಲ್ಲ. ಇನ್ನು ನಮ್ಮ ಉಪಚಾರದ ಸೊಗಸನ್ನು ಹೇಳಬೇಕೆ? ಮದುವೆಯ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದವರಿಗೆ, 'ಒಂದು ಹೋಳಿಗೆಯಿಂದ ಏನಾಗುತ್ತೆ, ಹಾಕಿಸಿಕೊಳ್ಳಿ ರಾಯರೆ' ಎಂದು ಬೆರಳ ಸಂದಿಯಲ್ಲಿ ಜಾರಿಸಿ, ತುಪ್ಪ ಬಡಿಸುವವನನ್ನೂ ಕೂಗಿ ಕರೆಯುತ್ತೇವೆ. ಅದೇ ರಾಯರು ಆಸ್ಪತ್ರೆ ಸೇರಿದಾಗ ನೋಡಲು ಹೋಗಿ, 'ಬಾಯಿಚಪಲ ಸ್ವಾಮಿ, ಬಾಯಿಚಪಲ!' ಎಂದು ಹೊರಗೆ ಬಂದು ತಲೆಯಾಡಿಸುತ್ತೇವೆ. ಬಡಿಸಿದ ಕೈಯೇ ಬೆರಳು ತೋರಿಸುವ ಈ ನ್ಯಾಯ ಎಲ್ಲಿಯದು?

ಇತ್ತೀಚಿನ ಒಂದು ಬೆಳವಣಿಗೆ ಈ ಚರ್ಚೆಗೆ ಹೊಸ ತಿರುವು ಕೊಟ್ಟಿದೆ. ಮಧುಮೇಹಕ್ಕೆಂದು ಬಂದ ಸೆಮಾಗ್ಲೂಟೈಡ್ ಎಂಬ ಮದ್ದನ್ನು ಬೊಜ್ಜಿಗೂ ಕೊಡಬಹುದೆಂದು 2021ರಲ್ಲಿ ಅಮೆರಿಕ ಒಪ್ಪಿತು. 2025ರಲ್ಲಿ ಆ ಉದ್ದೇಶಕ್ಕೆ ನಮ್ಮಲ್ಲಿಯೂ ಮಾರಾಟಕ್ಕೆ ಬಂತು. ವಾರಕ್ಕೊಂದು ಇಂಜೆಕ್ಷನ್. ಪ್ರಯೋಗದಲ್ಲಿ 68 ವಾರ ತೆಗೆದುಕೊಂಡವರ ತೂಕ ಸರಾಸರಿ ಶೇಕಡ 15ರಷ್ಟು ಇಳಿಯಿತು. ನಿಲ್ಲಿಸಿದವರಲ್ಲಿ ವರ್ಷದೊಳಗೆ ಇಳಿದುದರ ಮೂರನೆಯ ಎರಡು ಪಾಲು ಮರಳಿ ಬಂತು. ಬೆಲೆ, ಅಡ್ಡಪರಿಣಾಮಗಳ ವಿಚಾರ ವೈದ್ಯರಿಗೆ ಸೇರಿದ್ದು. ನನ್ನ ಕುತೂಹಲ ಬೇರೆ. ಇದನ್ನು ತೆಗೆದುಕೊಂಡವರು, ತಲೆಯಲ್ಲಿ ಸದಾ ಗುಂಯ್‌ಗುಡುತ್ತಿದ್ದ ತಿಂಡಿಯ ಯೋಚನೆ ನಿಂತುಹೋಯಿತು ಎನ್ನುತ್ತಾರಂತೆ. ನಮ್ಮ ಹಿರಿಯರು ವ್ರತ, ಉಪವಾಸ, ಜಪಗಳಿಂದ ಸಾಧಿಸಲು ಹೊರಟದ್ದು ಒಂದು ಸೂಜಿಮೊನೆಯಲ್ಲಿ ಸಿಗುವುದಾದರೆ, ಸಂಯಮವೆಂಬ ಗುಣಕ್ಕೆ ಏನು ಅರ್ಥ ಉಳಿಯಿತು?

'ಇದು ಸಂಯಮವಲ್ಲ, ಮೋಸ' ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಆಸೆಯಿದ್ದೂ ತಡೆದರೆ ತಾನೆ ಸಂಯಮ, ಆಸೆಯೇ ಇಲ್ಲವಾದರೆ ಅದರಲ್ಲಿ ಹೆಚ್ಚುಗಾರಿಕೆಯೇನು ಎಂದು ಅವರ ವಾದ. ವಾದ ಸರಿಯಾಗಿಯೇ ಇದೆ. ಆದರೆ ಅದನ್ನು ಕೊನೆಯವರೆಗೂ ಒಯ್ಯಬೇಕು. ನಾನು ಹುಟ್ಟು ಬಡಕಲ. ಅರ್ಧ ಊಟಕ್ಕೆ ನನ್ನ ಹೊಟ್ಟೆ ತುಂಬುತ್ತದೆ. ಎರಡನೆಯ ಸಲ ಬಡಿಸಬಂದರೆ ನಿಜವಾಗಿಯೂ ಬೇಡವೆನಿಸುತ್ತದೆ. ಅಧ್ಯಾಪಕರ ಕೊಠಡಿಯಲ್ಲಿ ಮಿತ್ರರು, 'ನಿಮ್ಮ ನಿಗ್ರಹ ನಮಗೆ ಬಾರದಪ್ಪ' ಎಂದು ಹೊಗಳುವುದುಂಟು. ಎದುರಿಗೆ ಕುಳಿತ ಗೆಳೆಯರೊಬ್ಬರು, ದೊಡ್ಡ ಮೈಯವರು, ಮೂರು ವರ್ಷದಿಂದ ಪ್ರತಿ ಮಧ್ಯಾಹ್ನ ಡಬ್ಬಿಯ ಎರಡು ರೊಟ್ಟಿ ತಿಂದು, ಕ್ಯಾಂಟೀನಿನಿಂದ ಬರುವ ವಡೆಯ ವಾಸನೆಗೆ ಬೆನ್ನು ಮಾಡಿ ಕೂರುತ್ತಾರೆ. ಅವರ ಹೊಟ್ಟೆ ಪ್ರತಿದಿನ ಕೂಗಿಕೊಳ್ಳುತ್ತದೆ. ಪ್ರತಿದಿನವೂ ಅವರು ಅದಕ್ಕೆ ಉತ್ತರ ಹೇಳುತ್ತಾರೆ. ಅವರನ್ನು ಯಾರೂ ಹೊಗಳಿದ್ದನ್ನು ನಾನು ಕಾಣೆ. ಆಸೆಯಿದ್ದೂ ತಡೆಯುವುದೇ ಸಂಯಮವಾದರೆ ನಮ್ಮಿಬ್ಬರಲ್ಲಿ ಸಂಯಮಿ ಯಾರು? ಇಂಜೆಕ್ಷನ್ನಿನಿಂದ ಹಸಿವು ಇಳಿದವನಿಗೆ ಪುಣ್ಯವಿಲ್ಲವೆಂದರೆ, ಹುಟ್ಟಿನಿಂದ ಹಸಿವು ಕಡಿಮೆಯಿರುವ ನನಗೂ ಇಲ್ಲ. ಅವನಿಗೆ ಅದನ್ನು ಔಷಧದಂಗಡಿ ಕೊಟ್ಟಿತು, ನನಗೆ ನನ್ನ ತಂದೆತಾಯಿಗಳು ಕೊಟ್ಟರು. ನಾನು ಬಿಟ್ಟಿಯಾಗಿ ಪಡೆದದ್ದನ್ನು ಅವನು ದುಡ್ಡು ಕೊಟ್ಟು ಕೊಂಡನೆಂಬುದಷ್ಟೆ ವ್ಯತ್ಯಾಸ.

ಇದರಿಂದ ಸಂಯಮದ ಬೆಲೆ ಕಡಿಮೆಯಾಯಿತೆಂದು ನಾನು ತಿಳಿಯುವುದಿಲ್ಲ. ಅದನ್ನು ಹೊರಗಿನಿಂದ ಅಳೆಯಲು ಬರುವುದಿಲ್ಲವೆಂದು ಗೊತ್ತಾಯಿತು, ಅಷ್ಟೆ. ತಕ್ಕಡಿ ತೂಕವನ್ನು ಹೇಳುತ್ತದೆ, ರಕ್ತಪರೀಕ್ಷೆ ಸಕ್ಕರೆಯನ್ನು ಹೇಳುತ್ತದೆ. ಒಬ್ಬ ಮನುಷ್ಯ ತನ್ನ ಹಸಿವಿನೊಡನೆ ದಿನಕ್ಕೆ ಎಷ್ಟು ಸಲ ಗುದ್ದಾಡಿದ, ಎಷ್ಟು ಸಲ ಗೆದ್ದ ಎಂಬುದನ್ನು ಹೇಳುವ ಯಂತ್ರ ಇನ್ನೂ ಹುಟ್ಟಿಲ್ಲ. ಹುಟ್ಟುವವರೆಗೆ ಇನ್ನೊಬ್ಬರ ಮೈಯನ್ನು ಕಂಡು ಮಾತಾಡುವ ಮುನ್ನ ಕ್ಷಣಕಾಲ ತಡೆಯುವುದು ನಾವು ಕಲಿಯಬೇಕಾದ ಸಂಯಮ. ನಾಲಗೆಗೆ ಎರಡು ಚಪಲಗಳುಂಟು; ಒಂದು ತಿನ್ನುವುದು, ಇನ್ನೊಂದು ಆಡುವುದು. ಮೊದಲನೆಯದರ ಮೇಲೆ ನಮಗಿರುವ ಹಿಡಿತ ಹುಟ್ಟಿನಿಂದಲೇ ಹೆಚ್ಚುಕಡಿಮೆಯಾಗಿ ಬಂದಿದೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಎರಡನೆಯದಕ್ಕೆ ಅಂಥ ನೆವವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. ಉತ್ತರಪತ್ರಿಕೆಗಳಲ್ಲಿ ಹುಡುಗರು ಆ ಗಾದೆಯ ಮೊದಲರ್ಧಕ್ಕೆ ಎರಡು ಪುಟ ಬರೆದು, ಮಾತಿನ ವಿಷಯಕ್ಕೆ ಬರುವಷ್ಟರಲ್ಲಿ ನಾಲ್ಕು ಸಾಲಿಗೆ ಮುಗಿಸಿಬಿಡುತ್ತಾರೆ. ದೊಡ್ಡವರಾದ ನಾವೂ ಅಷ್ಟೇ ಮಾಡಿಕೊಂಡು ಬಂದಿದ್ದೇವೆಯೇನೋ.